ಅಡಿಕೆ ಧಾರಣೆಯಲ್ಲಿ ತಮ್ಮನಿಗೆ ಬಂದ ಸಂದೇಶ

ಮೂಗುಬೊಟ್ಟಿನ ತಿರುಪು ಅಲುಗಲೇ ಇಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅಜ್ಜಿ ಚುಚ್ಚಿಸಿದ್ದು. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಬೆಂಗಳೂರಿನ ಲಾಡ್ಜಿನ ಬಚ್ಚಲಿನಲ್ಲಿ ನಿಂತು ಕೊಬ್ಬರಿ ಎಣ್ಣೆ ಹಚ್ಚಿದೆ, ಸೋಪು ಹಚ್ಚಿದೆ, ಅಮ್ಮನ ಕೈಗೆ ಕೊಟ್ಟೆ. ಮೂಗು ಕೆಂಪಾಯಿತೇ ಹೊರತು ಬೇರೇನೂ ಆಗಲಿಲ್ಲ. ಕೊನೆಗೆ ಹತ್ತಿರದ ಬೀದಿಯಲ್ಲಿದ್ದ ಅಕ್ಕಸಾಲಿಗರೊಬ್ಬರು ಸಣ್ಣ ಇಕ್ಕಳ ಹಿಡಿದು ಒಂದೇ ನಿಮಿಷದಲ್ಲಿ ತೆಗೆದುಕೊಟ್ಟರು.

"ಯಾಕಮ್ಮ ಬಿಚ್ಚಿಸುತ್ತೀರಿ?" ಎಂದು ಕೇಳಿದರು.

"ನಾಳೆ ಎಂಆರ್‌ಐ ಇದೆ."

"ನಿಮಗೆ ಏನಾಗಿದೆ?"

"ನನಗೇನೂ ಆಗಿಲ್ಲ. ತಮ್ಮನಿಗೆ ಹುಷಾರಿಲ್ಲ" ಎಂದೆ.

ಅವರು ದುಡ್ಡು ತೆಗೆದುಕೊಳ್ಳದೆ ಬೊಟ್ಟನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರು. ತಮ್ಮನಿಗೆ ಕಾಯಿಲೆಯಾದರೆ ಅಕ್ಕನ ತಲೆಯನ್ನೇಕೆ ನೋಡಬೇಕು ಎಂದು ಅವರು ಕೇಳಿದ್ದರೆ, ಅಂದು ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ.

ನಮ್ಮದು ಕೊಪ್ಪದ ಕಡೆಯ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ನಡುವೆ ಒಂದಿಷ್ಟು ಕಾಳುಮೆಣಸು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಎಂಜಿನಿಯರಿಂಗಿನ ಕೊನೆಯ ವರ್ಷದ ಪರೀಕ್ಷೆ ಬರೆಯದೆ 2022ರ ಜೂನ್‌ನಲ್ಲಿ, ಮೃಗಶಿರಾ ಮಳೆ ಹಿಡಿದ ವಾರದಲ್ಲಿ, ಒಂದು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಸೋತಿದ್ದಾನೆ, ನಾಲ್ಕು ದಿನ ಇದ್ದು ಹೋಗಲಿ ಎಂದುಕೊಂಡೆವು.

ನಾಲ್ಕು ದಿನ ಕಳೆದ ಮೇಲೆ ಅವನು ರಾತ್ರಿ ಮಲಗುವುದನ್ನು ಬಿಟ್ಟ. ಜಗಲಿಯ ಕಂಬಕ್ಕೆ ಒರಗಿ ಕುಳಿತು ಮಳೆ ನೋಡುತ್ತಿದ್ದ. ಏಕೆ ಮಲಗಿಲ್ಲ ಎಂದು ಕೇಳಿದರೆ, "ಏನೋ ಆಗಲಿದೆ ಅಕ್ಕ" ಎನ್ನುತ್ತಿದ್ದ. ಏನು ಎಂದರೆ ಅವನಿಗೂ ಗೊತ್ತಿರಲಿಲ್ಲ. "ಎಲ್ಲವೂ ಸಿದ್ಧವಾಗುತ್ತಿರುವ ಹಾಗಿದೆ. ಇವತ್ತು ಹಾಲಿನ ಡೇರಿಯ ಹತ್ತಿರ ಎಲ್ಲರೂ ಸುಮ್ಮನೆ ನಿಂತಿರಲಿಲ್ಲ, ನಿಂತ ಹಾಗೆ ಮಾಡುತ್ತಿದ್ದರು" ಎಂದ. ಬಾಗಿಲಿನ ಚಿಲಕ, ಅಂಗಳದಲ್ಲಿ ಬಿದ್ದ ಹಾಳೆ, ಬಸ್ಸಿನ ಹಾರ್ನ್ ಎಲ್ಲವೂ ಅವನ ಕಡೆಗೇ ತಿರುಗಿ ನಿಂತಂತೆ ಅವನಿಗೆ ಅನ್ನಿಸುತ್ತಿತ್ತು. ಆದರೆ ಯಾವುದೂ ಏನನ್ನೂ ಹೇಳುತ್ತಿರಲಿಲ್ಲ.

ಕ್ಲಾಸ್ ಕಾನ್ರಾಡ್ ಎಂಬ ಜರ್ಮನ್ ಮನೋವೈದ್ಯರು 1958ರಲ್ಲಿ ಈ ಅವಸ್ಥೆಗೆ ಟ್ರೇಮಾ ಎಂದು ಹೆಸರಿಟ್ಟರು ಎಂಬುದನ್ನು ನಾನು ಓದಿ ತಿಳಿದದ್ದು ತುಂಬ ತಡವಾಗಿ. ನಾಟಕದವರು ರಂಗಕ್ಕೆ ಬರುವ ಮುನ್ನದ ನಡುಕಕ್ಕೆ ಬಳಸುತ್ತಿದ್ದ ಪದವಂತೆ ಅದು. ನಮ್ಮ ಕಡೆ ಯಕ್ಷಗಾನವಿದ್ದ ದಿನ ಸಂಜೆ 'ಕೇಳಿ' ಎಂಬ ಮುನ್ಸೂಚನೆಯ ಚೆಂಡೆ ಬಡಿಯುತ್ತಾರೆ. ಚೆಂಡೆಯ ಸದ್ದು ಗುಡ್ಡದಾಚೆಗೆ ಮುಟ್ಟಿ ಇವತ್ತು ಆಟವಿದೆ ಎಂದು ಸಾರುತ್ತದೆ. ಯಾವ ಪ್ರಸಂಗ, ಯಾರ ವೇಷ ಎಂದು ಹೇಳುವುದಿಲ್ಲ. ನನ್ನ ತಮ್ಮನಿಗೆ ಏಳೆಂಟು ವಾರ ಹಗಲೂ ರಾತ್ರಿ ಆ ಕೇಳಿಯೊಂದೇ ಕಿವಿಯಲ್ಲಿ. ಆಟ ಶುರುವಾಗಲೇ ಇಲ್ಲ. ಆ ಕಾಯುವಿಕೆಯ ಹಿಂಸೆಯನ್ನು ನಾವು ಯಾರೂ ಊಹಿಸಲಿಲ್ಲ. ಈಗ ನೆನೆದರೂ ನನ್ನ ಎದೆ ಭಾರವಾಗುತ್ತದೆ.

ಆಗಸ್ಟ್‌ನ ಒಂದು ಬೆಳಗ್ಗೆ ಅವನು ಪತ್ರಿಕೆ ಹಿಡಿದುಕೊಂಡು ಅಡುಗೆಮನೆಗೆ ಬಂದ. ಮುಖ ಬೆಳಗಿತ್ತು. ಎಷ್ಟೋ ದಿನಗಳ ಮೇಲೆ ಅವನು ನಕ್ಕದ್ದನ್ನು ನೋಡಿ ಅಮ್ಮನ ಕಣ್ಣಲ್ಲಿ ನೀರು ಬಂತು. "ಗೊತ್ತಾಯಿತು ಅಕ್ಕ" ಎಂದು ಅಡಿಕೆ ಧಾರಣೆಯ ಪಟ್ಟಿ ತೋರಿಸಿದ. ಶಿವಮೊಗ್ಗ ಮಾರುಕಟ್ಟೆ: ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ತರಗತಿಗಳು. ರಾಶಿಯ ಗರಿಷ್ಠ ದರದ ಕೊನೆಯ ಮೂರು ಅಂಕಿಗಳು 219. ಅವನ ಹಾಸ್ಟೆಲ್ ಕೋಣೆಯ ಸಂಖ್ಯೆ 219. ಯಾರೋ ಅವನಿಗಾಗಿಯೇ, ಅವನೊಬ್ಬನಿಗೇ ಅರ್ಥವಾಗುವಂತೆ, ದಿನವೂ ಬರೆಯುತ್ತಿದ್ದಾರೆ.

ನಾನು ಮಾಡಿದ ತಪ್ಪು ಅಲ್ಲಿಂದ ಶುರುವಾಯಿತು. ನಾನು ಕಲಿಸುವವಳು, ತಪ್ಪು ಉತ್ತರ ಕಂಡರೆ ತಿದ್ದುವುದು ನನ್ನ ಕೆಲಸ. ಕಾಗದ ತೆಗೆದು ಲೆಕ್ಕ ಹಾಕಿದೆ. ಮೂರು ಅಂಕಿಗಳಿಗೆ ಸಾವಿರ ಸಾಧ್ಯತೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಶಿರಸಿ, ಚನ್ನಗಿರಿ, ಪ್ರತಿಯೊಂದರಲ್ಲೂ ಹಲವು ತರಗತಿ, ಪ್ರತಿ ತರಗತಿಗೂ ಕನಿಷ್ಠ ಮತ್ತು ಗರಿಷ್ಠ. ತಿಂಗಳಲ್ಲಿ ಎಲ್ಲಾದರೂ ಒಮ್ಮೆ 219 ಬರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದೆ. ಅವನು ತಾಳ್ಮೆಯಿಂದ ಕೇಳಿದ. ಲೆಕ್ಕದಲ್ಲಿ ನನಗಿಂತ ಚುರುಕು ಅವನು. ಎಲ್ಲ ಕೇಳಿ, "ಹೌದು, ಅದಕ್ಕಾಗಿಯೇ ಅವರು ಇಷ್ಟೊಂದು ಅಂಕಿಗಳ ನಡುವೆ ಅಡಗಿಸಿ ಕಳುಹಿಸುತ್ತಾರೆ" ಎಂದ. ನಾನು ಕೊಟ್ಟ ಪುರಾವೆ ಅವನ ನಂಬಿಕೆಗೇ ಊರುಗೋಲಾಯಿತು.

ಅಪ್ಪಯ್ಯ ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದರು. ಅವನ ಲೆಕ್ಕದಲ್ಲಿ ಸಂದೇಶ ತಡೆಯುವವರ ಗುಂಪಿಗೆ ಅಪ್ಪಯ್ಯನೂ ಸೇರಿದರು. ಅಮ್ಮ ಹರಕೆ ಹೊತ್ತು ಅವನ ಕೈಗೆ ದಾರ ಕಟ್ಟಿದಳು. ಆ ದಾರವೂ ಒಂದು ಗುರುತಾಯಿತು. ಸೆಪ್ಟೆಂಬರ್ ಹೊತ್ತಿಗೆ ಅಮ್ಮ ಬಡಿಸಿದ ಅನ್ನವನ್ನು ಅವನು ಮುಟ್ಟುತ್ತಿರಲಿಲ್ಲ; ತಾನೇ ಬೇಯಿಸಿದ ಮೊಟ್ಟೆ, ತಾನೇ ಸುಲಿದ ಬಾಳೆಹಣ್ಣು ಮಾತ್ರ ತಿನ್ನುತ್ತಿದ್ದ. ಪೇಟೆಯ ವೈದ್ಯರೊಬ್ಬರು ನಿದ್ದೆ ಮಾತ್ರೆ ಮತ್ತು ಶಕ್ತಿಯ ಟಾನಿಕ್ ಬರೆದುಕೊಟ್ಟು, ಒಂದು ಕೆಲಸ ಸಿಕ್ಕಿದರೆ ಸರಿಹೋಗುತ್ತಾನೆ ಎಂದರು. ಅವರ ಮಾತು ನಂಬಿ ಇನ್ನೂ ಎರಡು ತಿಂಗಳು ಕಳೆದೆವು.

ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರನ್ನು ಹಳ್ಳಿಹಳ್ಳಿಗಳಲ್ಲಿ ಹುಡುಕಿ, ವರ್ಷಗಟ್ಟಲೆ ಜೊತೆಗಿದ್ದು ಚಿಕಿತ್ಸೆ ನೀಡಿದ್ದಾರೆ. ಅದು ಲೋಕದ ಮನೋವೈದ್ಯರಿಗೆ ಗೊತ್ತಿರುವ ಕೆಲಸ. ಒಂದು ಗಂಟೆಯ ದಾರಿಯಲ್ಲಿದ್ದ ನಮಗೆ ಗೊತ್ತಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಶುರುವಾಗಿತ್ತು, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಅದೂ ಗೊತ್ತಿರಲಿಲ್ಲ. ಚಿಕಿತ್ಸೆಯಿಲ್ಲದೆ ಕಳೆಯುವ ಕಾಲ ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂದು ಮುಂದೆ ವೈದ್ಯರು ಹೇಳಿದಾಗ ಅಪ್ಪಯ್ಯ ತಲೆ ತಗ್ಗಿಸಿದರು. ಈ ಎರಡು ಸಾಲುಗಳನ್ನು ಯಾರಾದರೂ ಸಮಯಕ್ಕೆ ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ಬೆಂಗಳೂರಿಗೆ ಬಂದೆವು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅವನೊಂದಿಗೆ ಮಾತನಾಡಿದ ವೈದ್ಯೆ ಸಂದೇಶ ನಿಜವೋ ಸುಳ್ಳೋ ಎಂಬ ವಿಷಯಕ್ಕೇ ಹೋಗಲಿಲ್ಲ. "ಅಂಕಿ ಕಂಡ ಆ ಕ್ಷಣದಲ್ಲಿ ನಿಮಗೆ ಹೇಗನ್ನಿಸಿತು?" ಎಂದು ಕೇಳಿದರು. ಐದು ತಿಂಗಳಲ್ಲಿ ನಾವು ಮೂವರೂ ಕೇಳದ ಪ್ರಶ್ನೆ ಅದು. ಅವನು ತುಂಬ ಹೊತ್ತು ಸುಮ್ಮನಿದ್ದು, "ಉಸಿರು ಬಂದ ಹಾಗಾಯಿತು" ಎಂದ.

ರಿಸ್ಪೆರಿಡೋನ್ ಎಂಬ ಮಾತ್ರೆ ಶುರುವಾಯಿತು. ಮೊದಲು ರಕ್ತ ಪರೀಕ್ಷೆ, ತೂಕ, ಸೊಂಟದ ಸುತ್ತಳತೆ, ಸಕ್ಕರೆ. ಕಾಯಿಲೆಯ ಹೆಸರನ್ನು ಅವಸರದಲ್ಲಿ ಬರೆಯಲಿಲ್ಲ. ಮೊದಲ ಸೈಕೋಸಿಸ್, ಅಂದರೆ ವಾಸ್ತವದ ಹಿಡಿತ ತಪ್ಪಿದ ಸ್ಥಿತಿ ಮೊದಲ ಬಾರಿ ಬಂದಿದೆ, ಎಂದಷ್ಟೇ ಬರೆದರು. ಸ್ಕಿಜೋಫ್ರೇನಿಯಾ ಎಂಬ ಪದ ಕಡತಕ್ಕೆ ಬಂದದ್ದು ಕೆಲವು ತಿಂಗಳ ನಂತರ. ಕನ್ನಡದಲ್ಲಿ ಇದನ್ನು ಇಚ್ಚಿತ್ತ ವಿಕಲತೆ ಎನ್ನುವುದೂ ಉಂಟು. ಎರಡು ಚಿತ್ತ ಎಂಬ ಅರ್ಥ ಕೊಡುವ ಆ ಹೆಸರು ನನಗೆ ಒಪ್ಪಿಗೆಯಿಲ್ಲ. ನನ್ನ ತಮ್ಮನೊಳಗೆ ಇಬ್ಬರು ಇರಲಿಲ್ಲ. ಇದ್ದವನು ಒಬ್ಬನೇ, ಅವನು ಹೆದರಿದ್ದ. 1908ರಲ್ಲಿ ಈ ಹೆಸರನ್ನು ಕೊಟ್ಟ ಸ್ವಿಟ್ಜರ್‌ಲೆಂಡಿನ ಬ್ಲಾಯ್ಲರ್ ಕೂಡ ಎರಡು ವ್ಯಕ್ತಿತ್ವ ಎಂದು ಹೇಳಿದ್ದಲ್ಲ. ಒಬ್ಬನ ಮನಸ್ಸಿನೊಳಗಿನ ಕೆಲಸಗಳ ನಡುವೆ ಕೊಂಡಿ ಕಳಚುತ್ತದೆ ಎಂದು ಹೇಳಿದ್ದು.

ವಾರ್ಡಿನಲ್ಲಿ ಎರಡನೆಯ ವಾರ ಸಂಶೋಧನೆ ಮಾಡುತ್ತಿದ್ದ ಯುವತಿಯೊಬ್ಬರು ಬಂದು ಕುಳಿತರು. ಕಾಯಿಲೆಯ ಆರಂಭದಲ್ಲಿರುವವರ ಮಿದುಳಿನ ಬೇರೆ ಬೇರೆ ಭಾಗಗಳು ಪರಸ್ಪರ ಹೇಗೆ ಹೊಂದಿಕೊಂಡು ಕೆಲಸ ಮಾಡುತ್ತವೆ, ಅದಕ್ಕೂ ಇಂಥ ಗಟ್ಟಿಯಾದ ಭ್ರಮೆಗಳಿಗೂ ಸಂಬಂಧವಿದೆಯೇ ಎಂದು ನೋಡುತ್ತಿದ್ದೇವೆ ಎಂದರು. ರೋಗಿ ಒಪ್ಪಿದರೆ ಅವರ ಸ್ಕ್ಯಾನ್, ಕಾಯಿಲೆಯಿಲ್ಲದ ಒಡಹುಟ್ಟಿದವರು ಒಪ್ಪಿದರೆ ಅವರದೂ ಬೇಕು. ಒಪ್ಪದಿದ್ದರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರ ಆರು ಪುಟವಿತ್ತು. ಅದನ್ನು ಓದಿ ಹೇಳಿ, ಈಗ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ಎಂದು ತಮ್ಮನನ್ನು ಕೇಳಿದರು. ಅಪ್ಪಯ್ಯ ಸಹಿ ಹಾಕಲು ಪೆನ್ನು ತೆಗೆದಾಗ, "ಮೊದಲು ಅವರು ನಿರ್ಧರಿಸಲಿ ಸರ್" ಎಂದರು.

ತಮ್ಮ ಕೇಳಿದ ಮೊದಲ ಪ್ರಶ್ನೆಗೆ ನನ್ನ ಮೈ ಬೆವರಿತು. "ಈ ಯಂತ್ರ ನನ್ನ ಯೋಚನೆಗಳನ್ನು ಓದುತ್ತದೆಯೇ?"

"ಇಲ್ಲ" ಎಂದರು ಅವರು. "ಮಿದುಳಿನ ಯಾವ ಭಾಗದಲ್ಲಿ ರಕ್ತದ ಆಮ್ಲಜನಕ ಯಾವಾಗ ಹೆಚ್ಚು ಕಡಿಮೆಯಾಗುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಅದರಿಂದ ನೀವು ಏನು ಯೋಚಿಸಿದಿರಿ ಎಂದು ನನಗೆ ಗೊತ್ತಾಗುವುದಿಲ್ಲ."

"ಹೊರಗಿನಿಂದ ಒಳಗೆ ಏನನ್ನಾದರೂ ಕಳುಹಿಸುತ್ತದೆಯೇ?"

ಇಲ್ಲ ಎಂದುಬಿಡಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವರು ಹಾಗೆ ಮಾಡಲಿಲ್ಲ. "ಹೌದು, ರೇಡಿಯೋ ತರಂಗ ಕಳುಹಿಸುತ್ತದೆ. ಆ ತರಂಗದಲ್ಲಿ ಮಾತಿಲ್ಲ, ಸಂದೇಶವಿಲ್ಲ. ದೇಹದೊಳಗಿನ ನೀರಿನ ಹೈಡ್ರೋಜನ್ ಅದಕ್ಕೆ ಸ್ಪಂದಿಸುತ್ತದೆ, ಆ ಸ್ಪಂದನವನ್ನು ಯಂತ್ರ ಹಿಡಿಯುತ್ತದೆ" ಎಂದರು. ತಮ್ಮ ಏನೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗಿದ. ಕೆಲಸ ಕೆಟ್ಟಿತು ಎಂದುಕೊಂಡೆ. ಮರುದಿನ ಬೆಳಗ್ಗೆ ಅವನೇ ಎದ್ದು ಬಂದು, "ಅವರು ಮುಚ್ಚಿಡಲಿಲ್ಲ. ಅಕ್ಕ ಮೊದಲು ಹೋಗಲಿ, ಆಮೇಲೆ ನಾನು ಹೋಗುತ್ತೇನೆ" ಎಂದ.

ನಾನು ಸಹಿ ಹಾಕುವ ಮುನ್ನ ಒಂದು ಮಾತು ಕೇಳಿದೆ. ಎಷ್ಟೋ ರಾತ್ರಿಗಳಿಂದ ನುಂಗಿಕೊಂಡಿದ್ದ ಪ್ರಶ್ನೆ. ನನಗೂ ಬರುತ್ತದೆಯೇ? ಅವರು ಸಮಾಧಾನದ ಮಾತು ಹೇಳದೆ ಲೆಕ್ಕ ಹೇಳಿದರು. ಸಾಮಾನ್ಯವಾಗಿ ಜೀವಮಾನದಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಒಡಹುಟ್ಟಿದವರಿಗೆ ಇದ್ದರೆ ನೂರರಲ್ಲಿ ಎಂಟು ಹತ್ತು ಜನರಿಗೆ. ಅಂದರೆ ತೊಂಬತ್ತು ಜನರಿಗೆ ಬರುವುದಿಲ್ಲ. ಹೆಚ್ಚಿನವರಲ್ಲಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ಶುರುವಾಗುತ್ತದೆ, ಹೆಂಗಸರಲ್ಲಿ ತುಸು ತಡ. ನನಗೆ ಮೂವತ್ತೊಂದು. ಸ್ಕ್ಯಾನ್ ನೋಡಿ ಹೇಳಬಹುದೇ ಎಂದೆ. "ಹೇಳಲಾಗುವುದಿಲ್ಲ ಮೇಡಂ. ಗಡ್ಡೆಯಂಥದ್ದೇನಾದರೂ ಕಂಡರೆ ತಿಳಿಸುತ್ತೇವೆ. ಉಳಿದಂತೆ ಒಬ್ಬರ ಚಿತ್ರ ನೋಡಿ ಇವರಿಗೆ ಸ್ಕಿಜೋಫ್ರೇನಿಯಾ ಇದೆ, ಬರುತ್ತದೆ, ಬರುವುದಿಲ್ಲ ಎಂದು ಹೇಳುವ ಶಕ್ತಿ ಈ ಪರೀಕ್ಷೆಗೆ ಇನ್ನೂ ಇಲ್ಲ. ಗುಂಪನ್ನು ಗುಂಪಿಗೆ ಹೋಲಿಸಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ."

ಮರುದಿನ ಬೆಳಗಿನ ಎಂಟು ಗಂಟೆ. ಬಳೆ, ಸರ, ಕ್ಲಿಪ್ಪು, ಕೈಗಡಿಯಾರ ಎಲ್ಲ ಅಮ್ಮನ ಚೀಲಕ್ಕೆ. ಪೇಸ್‌ಮೇಕರ್ ಇದೆಯೇ, ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ಲೋಹದ ಕ್ಲಿಪ್ ಹಾಕಿದ್ದಾರೆಯೇ, ವೆಲ್ಡಿಂಗ್ ಕೆಲಸ ಮಾಡಿ ಕಣ್ಣಿಗೆ ಚೂರು ಹೊಕ್ಕಿದೆಯೇ, ಗರ್ಭಿಣಿಯೇ ಎಂದು ಮೂರು ಬಾರಿ ಮೂವರು ಕೇಳಿದರು. ಮೂರು ಟೆಸ್ಲಾದ ಯಂತ್ರ. ಭೂಮಿಯ ಕಾಂತಕ್ಷೇತ್ರಕ್ಕಿಂತ ಐವತ್ತು ಸಾವಿರ ಪಟ್ಟಿಗೂ ಹೆಚ್ಚು ಶಕ್ತಿ ಅದಕ್ಕೆ. ಮಕ್ಕಳಿಗೆ ದಂಡಕಾಂತ ಮತ್ತು ಕಬ್ಬಿಣದ ಹುಡಿ ಹಿಡಿದು ಪಾಠ ಮಾಡಿದ ನಾನು ಮೊದಲ ಬಾರಿ ಕಾಂತದ ಒಳಗೆ ಮಲಗಿದೆ.

ಕಿವಿಗೆ ಸ್ಪಂಜಿನ ಬಿರಡೆ, ಮೇಲೆ ಹೆಡ್‌ಫೋನ್. ತಲೆಯ ಎರಡು ಪಕ್ಕ ಮೆತ್ತೆ ತುರುಕಿದರು. ಮುಖದ ಮೇಲೆ ಪಂಜರದಂಥ ಚೌಕಟ್ಟು, ಅದರಲ್ಲಿ ಸಣ್ಣ ಕನ್ನಡಿ. ಕೈಗೆ ರಬ್ಬರಿನ ಉಂಡೆ ಕೊಟ್ಟು, ಹೆದರಿಕೆಯಾದರೆ ಅಮುಕಿ, ತಕ್ಷಣ ಹೊರಗೆ ತರುತ್ತೇವೆ ಎಂದರು. ಮೊದಲ ಭಾಗ ಮಿದುಳಿನ ಆಕಾರದ ಚಿತ್ರ; ಟಕಟಕ ಸದ್ದು ಬಿಟ್ಟರೆ ಬೇರೇನಿಲ್ಲ. ಮುಖ್ಯವಾದದ್ದು ಎರಡನೆಯದು. "ಎಂಟು ನಿಮಿಷ ಕನ್ನಡಿಯಲ್ಲಿ ಕಾಣುವ ಕೂಡುವ ಚಿಹ್ನೆಯನ್ನು ನೋಡುತ್ತಿರಿ. ನಿದ್ದೆ ಮಾಡಬೇಡಿ. ಯಾವ ಯೋಚನೆಯನ್ನೂ ಬೇಕೆಂದು ಹಿಡಿಯಬೇಡಿ, ಬಂದರೆ ತಡೆಯಬೇಡಿ. ತಲೆ ಮಾತ್ರ ಅಲುಗಿಸಬೇಡಿ."

ಅಡಿಕೆ ಸುಲಿಯುವ ಯಂತ್ರವನ್ನು ಕಿವಿಯ ಪಕ್ಕದಲ್ಲಿಟ್ಟಂಥ ಸದ್ದು ಶುರುವಾಯಿತು. ಮಲಗಿದ ಹಲಗೆಯೂ ಸಣ್ಣಗೆ ನಡುಗುತ್ತಿತ್ತು. ಬಿಳಿಯ ಕೂಡುವ ಚಿಹ್ನೆ. ಮೌಲ್ಯಮಾಪನಕ್ಕೆ ಬಾಕಿಯಿದ್ದ ಉತ್ತರ ಪತ್ರಿಕೆಗಳು ನೆನಪಾದವು. ಅಡಿಕೆಯ ಕೊಳೆರೋಗಕ್ಕೆ ಮೂರನೆಯ ಸಲ ಬೋರ್ಡೋ ದ್ರಾವಣ ಹೊಡೆಸದೆ ಉಳಿದ ತೋಟ ನೆನಪಾಯಿತು. ಮೂಗಿನ ಖಾಲಿ ತೂತಿನಲ್ಲಿ ತಣ್ಣನೆಯ ಗಾಳಿ ಆಡುತ್ತಿತ್ತು. ತಮ್ಮ ಮೂರು ವರ್ಷದವನಿದ್ದಾಗ ಹೊಳೆ ದಾಟುವಾಗ ನನ್ನ ಜಡೆ ಹಿಡಿದುಕೊಳ್ಳುತ್ತಿದ್ದದ್ದು ನೆನಪಾಗಿ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳುವಂತಿರಲಿಲ್ಲ. ಅದು ಕಿವಿಯ ಕಡೆಗೆ ಇಳಿಯಿತು.

ನಾಲ್ಕೈದು ನಿಮಿಷವಾಗಿರಬೇಕು. ಆ ಸದ್ದು ಮಾತಾಯಿತು. "ಹೋಗಬೇಡ, ಹೋಗಬೇಡ, ಹೋಗಬೇಡ." ಒಂದೇ ಲಯದಲ್ಲಿ, ಸ್ಪಷ್ಟವಾದ ಕನ್ನಡದಲ್ಲಿ. ನನ್ನ ಬೆರಳು ರಬ್ಬರಿನ ಉಂಡೆಯ ಮೇಲೆ ಬಿಗಿಯಾಯಿತು. ನನಗೂ ಶುರುವಾಯಿತೇ ಎಂಬ ಭಯ ಹೊಟ್ಟೆಯಿಂದ ಗಂಟಲಿಗೆ ಬಂತು. ಯಂತ್ರದ ಸದ್ದೇ ಇದು ಎಂದು ಒಳಗೊಬ್ಬಳು ಹೇಳುತ್ತಿದ್ದಳು. ಇನ್ನೊಂದು ಪದ ಇಟ್ಟು ನೋಡಿದೆ: "ಕಾಯುತ್ತಿರು, ಕಾಯುತ್ತಿರು." ಸದ್ದು ವಿಧೇಯವಾಗಿ ಆ ಪದಕ್ಕೂ ಹೊಂದಿಕೊಂಡಿತು. ಆಗ ಭಯ ಇಳಿಯಿತು. ರೈಲಿನ ಸದ್ದಿನಲ್ಲಿ, ಗಿರಣಿಯ ಸದ್ದಿನಲ್ಲಿ ಎಲ್ಲರಿಗೂ ಕೇಳುವ ಮಾತೇ ಅದು. ಆದರೆ ಆ ಅರೆನಿಮಿಷ, ಕೇಳಿದ ಮಾತು ನನಗಾಗಿಯೇ ಬಂದದ್ದು ಎಂಬ ಅನಿಸಿಕೆ ಎಷ್ಟು ಗಟ್ಟಿಯಾಗಿತ್ತು ಎಂದರೆ, ಯಾರಾದರೂ ಹೊರಗಿನಿಂದ ಸಂಭವನೀಯತೆಯ ಲೆಕ್ಕ ಹೇಳಿದ್ದರೆ ನನ್ನ ಕಿವಿಗೇ ಬೀಳುತ್ತಿರಲಿಲ್ಲ. ನನ್ನ ಮಿದುಳು ಅದನ್ನು ಹಿಡಿಯಿತು, ಪರೀಕ್ಷಿಸಿತು, ಬಿಟ್ಟಿತು. ಅವನ ಮಿದುಳಿಗೆ ಬಿಡಲಾಗಲಿಲ್ಲ. ಐದು ತಿಂಗಳು ಅವನನ್ನು ಹಟಮಾರಿ ಎಂದುಕೊಂಡಿದ್ದೆ.

ಅಂದು ಮಧ್ಯಾಹ್ನ ತಮ್ಮನೂ ಒಳಗೆ ಹೋಗಿ ಬಂದ. ನಾನು ಕನ್ನಡಿ, ಸದ್ದು, ಉಂಡೆ ಎಲ್ಲವನ್ನೂ ಮೊದಲೇ ವಿವರಿಸಿದ್ದೆ. "ಸದ್ದು ಮಾತಿನಂತೆ ಕೇಳಬಹುದು, ನನಗೂ ಕೇಳಿತು" ಎಂದದ್ದಕ್ಕೆ ಅವನು ನನ್ನನ್ನು ದಿಟ್ಟಿಸಿ ನೋಡಿದ್ದ. ಹೊರಗೆ ಬಂದವನು, "ಸದ್ದು ಬರೀ ಸದ್ದೇ ಇತ್ತು" ಎಂದ.

ನಂತರ ಆ ಸಂಶೋಧಕಿ ಒಂದು ಹಾಳೆಯ ಹಿಂಬದಿಯಲ್ಲಿ ಮಿದುಳಿನ ಚಿತ್ರ ಬರೆದು ನನಗೆ ಹೇಳಿದ್ದನ್ನು, ನಾನು ಬಳಿಕ ಓದಿಕೊಂಡದ್ದನ್ನೂ ಸೇರಿಸಿ, ನಮ್ಮ ತೋಟದ ಭಾಷೆಯಲ್ಲಿ ಬರೆಯುತ್ತೇನೆ.

ಎರಡು ಬಾವಿಗಳ ನೀರು ದಿನವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದರೆ, ನೆಲದೊಳಗೆ ಸೆಲೆಯ ಸಂಬಂಧವಿದೆ ಎಂದು ಊಹಿಸುತ್ತೇವೆ. ಸೆಲೆಯನ್ನು ಯಾರೂ ಕಂಡಿರುವುದಿಲ್ಲ. ಮಿದುಳಿನಲ್ಲೂ ಹೀಗೆಯೇ. ಎರಡು ಸೆಕೆಂಡಿಗೊಂದರಂತೆ ಎಂಟು ನಿಮಿಷದಲ್ಲಿ ಇಡೀ ಮಿದುಳಿನ 240 ಚಿತ್ರಗಳು. ಪ್ರತಿ ಜಾಗದಲ್ಲೂ ಆಮ್ಲಜನಕದ ಮಟ್ಟ ನಿಧಾನವಾಗಿ ಏರಿಳಿಯುತ್ತದೆ, ಒಂದು ಏರಿಳಿತಕ್ಕೆ ಹತ್ತು ಸೆಕೆಂಡಿಗೂ ಹೆಚ್ಚು. ಯಾವ ಜಾಗಗಳು ಒಟ್ಟಿಗೆ ಏರಿಳಿಯುತ್ತವೆಯೋ ಅವುಗಳ ನಡುವೆ ಸಂಪರ್ಕವಿದೆ ಎಂದು ಲೆಕ್ಕ. ಸುಮ್ಮನೆ ಮಲಗಿದವರ ಮಿದುಳಿನಲ್ಲೂ ಈ ಹೊಂದಾಣಿಕೆ ಇದೆ ಎಂದು 1995ರಲ್ಲಿ ಮೊದಲು ತೋರಿಸಿದವರು ಭರತ್ ಬಿಸ್ವಾಲ್, ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದವರು. ಅದಕ್ಕೆ ಮುನ್ನ ಅದನ್ನು ಯಂತ್ರದ ಗದ್ದಲ ಎಂದು ಕಳೆಯಲಾಗುತ್ತಿತ್ತು. ತಲೆ ಅಲುಗಿಸಬೇಡಿ ಎಂದು ಅಷ್ಟು ಹೇಳಿದ್ದೇಕೆ ಎಂಬುದೂ ಆಗ ತಿಳಿಯಿತು. ನೆಲ ನಡುಗಿದರೆ ಊರಿನ ಬಾವಿಗಳೆಲ್ಲ ಒಟ್ಟಿಗೆ ತುಳುಕುತ್ತವೆ, ಇಲ್ಲದ ಸಂಬಂಧ ಇದ್ದಂತೆ ತೋರುತ್ತದೆ. ಅರ್ಧ ಮಿಲಿಮೀಟರ್ ಅಲುಗಾಟವೂ ಲೆಕ್ಕ ಕೆಡಿಸಬಲ್ಲದು. ಕಾಯಿಲೆಯಲ್ಲಿ ಚಡಪಡಿಸುವವರ ಸ್ಕ್ಯಾನ್‌ಗಳನ್ನು ಓದುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಹೀಗೆ ಒಟ್ಟಿಗೆ ನಡೆಯುವ ಜಾಗಗಳ ಗುಂಪುಗಳಲ್ಲಿ ಮೂರು ಇಲ್ಲಿ ಮುಖ್ಯ. ನಾವು ಹೊರಗಿನ ಕೆಲಸ ಬಿಟ್ಟು ನಮ್ಮ ಬಗ್ಗೆ, ಕಳೆದದ್ದರ ಬಗ್ಗೆ, ಬೇರೆಯವರು ನಮ್ಮನ್ನು ಏನೆಂದುಕೊಂಡರು ಎಂಬುದರ ಬಗ್ಗೆ ಯೋಚಿಸುವಾಗ ಚುರುಕಾಗುವುದು ಒಂದು; ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದ ಡಿಫಾಲ್ಟ್ ಮೋಡ್ ಅದಕ್ಕೆ ಹೆಸರು ಕೊಟ್ಟಿತು. ನಾನು ಯಂತ್ರದೊಳಗೆ ಹೊಳೆ, ಜಡೆ ಎಂದು ಅಲೆದದ್ದು ಅದರ ಕೆಲಸ. ಕೈಯಲ್ಲಿರುವ ಕೆಲಸಕ್ಕೆ, ಲೆಕ್ಕಕ್ಕೆ, ಪರೀಕ್ಷಿಸಿ ನೋಡುವುದಕ್ಕೆ ಇನ್ನೊಂದು. ಮೂರನೆಯದು ಸೇಲಿಯನ್ಸ್ ಜಾಲ, ಬಂದದ್ದರಲ್ಲಿ ಯಾವುದು ಗಮನಿಸಬೇಕಾದದ್ದು ಎಂದು ಹೆಕ್ಕುವುದು. ಮಿದುಳಿನ ಪಕ್ಕದ ಆಳವಾದ ಮಡಿಕೆಯಲ್ಲಿ ಅಡಗಿರುವ ಇನ್ಸುಲಾ ಅದರ ಮುಖ್ಯ ಠಾಣೆ. ನಮ್ಮ ತೋಟದ ತುಂತುರು ನೀರಾವರಿಯಲ್ಲಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಗೇಟ್ ವಾಲ್ವ್ ಇದೆ. ಒಂದು ಸಾಲಿಗೆ ನೀರು ಬಿಟ್ಟಾಗ ಇನ್ನೊಂದನ್ನು ಮುಚ್ಚುತ್ತೇವೆ. ಮೊದಲ ಎರಡು ಜಾಲಗಳ ನಡುವೆ ಇನ್ಸುಲಾ ಮಾಡುವ ಕೆಲಸ ಹೆಚ್ಚುಕಡಿಮೆ ಅದೇ. ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ 2011ರಲ್ಲಿ ಈ ಮೂರರ ಕೊಂಡಿಯನ್ನು ಮುಂದಿಟ್ಟರು. ವಾಲ್ವ್ ಸೋರಿದರೆ ತನ್ನ ಬಗೆಗಿನ ಒಳಯೋಚನೆ ಮತ್ತು ಹೊರಗಿನ ಅಂಕಿ ಎರಡೂ ಒಂದೇ ಕಾಲುವೆಯಲ್ಲಿ ಬೆರೆಯುತ್ತವೆ. ನಿಜವಾದ ಮಿದುಳಿನಲ್ಲಿ ಇಷ್ಟು ಸರಳವಾದ ವಾಲ್ವ್ ಇಲ್ಲ ಎಂದು ಆ ಸಂಶೋಧಕಿಯೇ ಎಚ್ಚರಿಸಿದರು. ಆದರೂ ಧಾರಣೆ ಪಟ್ಟಿಯ 219 ತಮ್ಮನ ಕೋಣೆಯ 219 ಹೇಗಾಯಿತು ಎಂದು ನನಗೆ ಮೊದಲ ಬಾರಿ ಅರ್ಥವಾದದ್ದು ಆ ವಾಲ್ವ್‌ನಿಂದ.

ಇದಕ್ಕೆ ರಾಸಾಯನಿಕದ ಪಾಲೂ ಸೇರುತ್ತದೆ. ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಬರೆದ ಲೇಖನವನ್ನು ನಾನು ನಾಲ್ಕು ಬಾರಿ ಓದಿದೆ. ಡೋಪಮಿನ್ ಎಂಬುದು ಇದು ಮುಖ್ಯ, ಇದನ್ನು ಗಮನಿಸು ಎಂಬ ಗುರುತು ಹಾಕುವ ವಸ್ತು. ಸೈಕೋಸಿಸ್‌ನಲ್ಲಿ ಅದು ಹೊತ್ತಲ್ಲದ ಹೊತ್ತಿನಲ್ಲಿ, ಸಂಬಂಧವಿಲ್ಲದ ವಸ್ತುಗಳ ಮೇಲೆ ಗುರುತು ಹಾಕುತ್ತಾ ಹೋಗುತ್ತದೆ. ಚಿಲಕಕ್ಕೂ ಗುರುತು, ಹಾರ್ನಿಗೂ ಗುರುತು. ಹೀಗೆ ಎಲ್ಲವೂ ಮುಖ್ಯವೆನಿಸಿ ಕಾರಣ ತಿಳಿಯದೆ ಕಂಗೆಟ್ಟ ಮನುಷ್ಯ ಒಂದು ವಿವರಣೆ ಕಟ್ಟಿಕೊಳ್ಳುತ್ತಾನೆ. ಭ್ರಮೆ ಎಂದರೆ ಆ ವಿವರಣೆ. ಮಾತ್ರೆಗಳು ಡೋಪಮಿನ್‌ನ ಕೆಲಸವನ್ನು ತಗ್ಗಿಸಿ ಹೊಸ ಗುರುತು ಬೀಳುವುದನ್ನು ಕಡಿಮೆ ಮಾಡುತ್ತವೆ. ಕಟ್ಟಿದ ವಿವರಣೆಯನ್ನು ಅವು ಕೆಡವುವುದಿಲ್ಲ, ಅದು ಮನುಷ್ಯನೇ ನಿಧಾನವಾಗಿ ಇಳಿಸಬೇಕಾದ ಹೊರೆ. ಜಗಲಿಯ ಕಂಬ, ಆ ಮಳೆ, "ಉಸಿರು ಬಂದ ಹಾಗಾಯಿತು" ಎಂದ ಮಾತು, ಎಲ್ಲವೂ ಆ ಪುಟಗಳಲ್ಲಿ ಕಂಡಿತು. ನಾನು ಕೆಡವಲು ಹೊರಟದ್ದು ಅವನು ಉಸಿರಾಡಲು ಕಟ್ಟಿಕೊಂಡ ಕಿಟಕಿಯನ್ನು.

ಅಕ್ಕನ ತಲೆಯನ್ನೇಕೆ ನೋಡಬೇಕು ಎಂಬುದಕ್ಕೂ ಉತ್ತರ ಸಿಕ್ಕಿತು. 2009ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಕಾಯಿಲೆಯ ಆರಂಭದಲ್ಲಿದ್ದವರ ಡಿಫಾಲ್ಟ್ ಮೋಡ್ ಜಾಲದೊಳಗಿನ ಸಂಪರ್ಕ ಹೆಚ್ಚಾಗಿ ಕಂಡಿತ್ತು. ಕಾಯಿಲೆಯಿಲ್ಲದ ಅವರ ಹತ್ತಿರದ ಸಂಬಂಧಿಗಳಲ್ಲೂ ಕಂಡಿತ್ತು. ಹಾಗಾದರೆ ಅದು ಕಾಯಿಲೆಯ ಗುರುತೋ, ಕುಟುಂಬದಲ್ಲಿ ಹರಿದು ಬಂದ ಒಲವೋ, ಮಾತ್ರೆಯ ಪರಿಣಾಮವೋ? ಮಾತ್ರೆ ನುಂಗದ, ಭ್ರಮೆಯಿಲ್ಲದ, ಆದರೆ ಅದೇ ತಂದೆತಾಯಿಯ ರಕ್ತ ಹಂಚಿಕೊಂಡ ನನ್ನಂಥವರು ಇದ್ದರೆ ಈ ಮೂರನ್ನು ಬೇರ್ಪಡಿಸಲು ದಾರಿಯಾಗುತ್ತದೆ. ಬೇರೆ ಅಧ್ಯಯನಗಳಲ್ಲಿ ಸಂಪರ್ಕ ಕಡಿಮೆಯಾದದ್ದೂ ಇದೆ. ಈ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಅವರು ನನ್ನಿಂದ ಮುಚ್ಚಿಡಲಿಲ್ಲ.

ಆರು ತಿಂಗಳ ನಂತರ, 2023ರ ಜೂನ್‌ನಲ್ಲಿ, ಎರಡನೆಯ ಸ್ಕ್ಯಾನ್‌ಗೆ ಬಂದೆವು. ಅಷ್ಟರಲ್ಲಿ ತಮ್ಮ ಎಂಟು ಕಿಲೋ ದಪ್ಪವಾಗಿದ್ದ. ಮಧ್ಯಾಹ್ನ ಮಂಪರು ಬರುತ್ತಿತ್ತು. ಮಾರ್ಚ್‌ನಲ್ಲಿ ಒಮ್ಮೆ ಮಾತ್ರೆ ಬಿಟ್ಟು, ಹದಿನೈದು ದಿನಕ್ಕೆ ಮತ್ತೆ ನಿದ್ದೆ ಹೋಗಿ, ತಾನೇ ಬಂದು, "ಕೇಳಿ ಬಡಿಯುವುದು ಶುರುವಾಗಿದೆ ಅಕ್ಕ" ಎಂದಿದ್ದ. ಯಕ್ಷಗಾನದ ಹೋಲಿಕೆಯನ್ನು ನಾನು ಅವನಿಗೆ ಹೇಳಿದ್ದೆ; ಅದು ನಮ್ಮಿಬ್ಬರ ನಡುವಿನ ಮಾತಾಯಿತು. ಆ ಸಲ ಐದು ತಿಂಗಳು ಕಾಯಲಿಲ್ಲ. ಮೂರನೆಯ ದಿನ ವೈದ್ಯೆಯ ಮುಂದಿದ್ದೆವು.

ಸ್ಕ್ಯಾನ್‌ಗೆ ಮುನ್ನ ಮೂವತ್ತು ಅಂಶಗಳ ಪ್ರಶ್ನಾವಳಿ. ಪ್ರತಿ ಅಂಶಕ್ಕೂ ಒಂದರಿಂದ ಏಳರವರೆಗೆ ಅಂಕ, ಮೊದಲನೆಯದೇ ಭ್ರಮೆ. ನಾನು ಬಾಗಿಲ ಹೊರಗಿದ್ದೆ. ಅವನೇ ಆಮೇಲೆ ಹೇಳಿದ: "ಸಂದೇಶ ಬರುತ್ತದೆಯೇ ಎಂದು ಕೇಳಿದರು. ಬರುತ್ತಿತ್ತೋ ಇಲ್ಲವೋ ನನಗೆ ಈಗಲೂ ಖಚಿತವಿಲ್ಲ, ಆದರೆ ಈಗ ಅಂಕಿಗಳು ನನ್ನನ್ನು ಕರೆಯುವುದಿಲ್ಲ ಎಂದೆ." ಎಷ್ಟು ಅಂಕ ಕೊಟ್ಟರು ಎಂದು ನಾನು ಕೇಳಲಿಲ್ಲ. ಹಿಂದಿನ ವರ್ಷದ ನಾನಾಗಿದ್ದರೆ, ಬರುತ್ತಿರಲಿಲ್ಲ ಎಂದು ಒಪ್ಪಿಕೊ ಎಂದು ಹಟ ಹಿಡಿಯುತ್ತಿದ್ದೆ. ಊಟ ಮಾಡೋಣವೇ ಎಂದೆ. ಇಬ್ಬರೂ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದೆವು.

ಮನೆಗೆ ಪತ್ರಿಕೆ ಮತ್ತೆ ಬರುತ್ತಿದೆ. ಈ ವರ್ಷದ ಅಡಿಕೆ ಬೇಯಿಸಿ ಒಣಗಿಸಿ ಚೀಲ ಕಟ್ಟಿದ ಮೇಲೆ, ಯಾವಾಗ ಮಾರುವುದು ಎಂದು ಅಪ್ಪಯ್ಯ ದಿನವೂ ಲೆಕ್ಕ ಹಾಕುತ್ತಾರೆ. ಅವರ ಕಣ್ಣಿಗೆ ಪೊರೆ ಬಂದಿದೆ. ಕಳೆದ ಸೋಮವಾರ ತಮ್ಮನೇ ಜಗಲಿಯಲ್ಲಿ ಕುಳಿತು ಓದಿ ಹೇಳಿದ: ಸರಕು ಇಷ್ಟು, ಬೆಟ್ಟೆ ಇಷ್ಟು. ರಾಶಿಯ ಸಾಲಿಗೆ ಬಂದಾಗ ಒಂದು ಕ್ಷಣ ನಿಂತ. ಅವನ ಬೆರಳು ಅಂಕಿಗಳ ಕೆಳಗೆ ಇತ್ತು. ಬಾಗಿಲಲ್ಲಿ ನಿಂತಿದ್ದ ನಾನು ಏನೂ ಹೇಳಲಿಲ್ಲ.

"ರಾಶಿ ಸ್ವಲ್ಪ ಇಳಿದಿದೆ ಅಪ್ಪಯ್ಯ. ಇನ್ನು ಹದಿನೈದು ದಿನ ಇಟ್ಟುಕೊಳ್ಳೋಣವೇ?" ಎಂದ.